ಆ ಮೂವರಲ್ಲಿ ನಾನಿದ್ದೇನಾ?

ಗಡ್ಡೆ ತೆಗೆದಾಗಿದೆ. ಕಾಣುವ ರೋಗ ಎಲ್ಲೂ ಇಲ್ಲ. ಆದರೂ ಕೀಮೋ ಬೇಕಾ, ಬೇಡ್ವಾ? ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ ಕಷ್ಟದ ಪ್ರಶ್ನೆ ಇದೇ. ಮದ್ದು ಕೊಡುವುದು ಎಲ್ಲೋ ಅಡಗಿರಬಹುದಾದ ಜೀವಕೋಶಗಳಿಗೆ.

ಲೆಕ್ಕ ಹೀಗಿದೆ ಎನ್ನಿ: 100 ಹೆಂಗಸರಲ್ಲಿ 10 ಮಂದಿಗೆ ರೋಗ ಮರಳುವುದಿತ್ತು, ಕೀಮೋದಿಂದ ಅದು 7ಕ್ಕೆ ಇಳಿಯಿತು. ಮೂವರಿಗೆ ಲಾಭ. ತೊಂಬತ್ತು ಮಂದಿ ಅಗತ್ಯವಿಲ್ಲದೆ ಕಷ್ಟಪಟ್ಟರು. ಆ ಮೂವರು ಯಾರೆಂದು ಆಮೇಲೂ ತಿಳಿಯುವುದಿಲ್ಲ.

2018ರ ಟೇಲರ್‌ಎಕ್ಸ್ ಅಧ್ಯಯನ ಕೆಲವರ ಹೊರೆ ಇಳಿಸಿತು. ಹಾರ್ಮೋನಿಗೆ ಸ್ಪಂದಿಸುವ, ಹರ್-2 ಇಲ್ಲದ, ಕಂಕುಳಿಗೆ ಹರಡದ ಗಡ್ಡೆಯಾಗಿದ್ದು 21 ಜೀನ್‌ಗಳ ಪರೀಕ್ಷೆಯಲ್ಲಿ ಮಧ್ಯಮ ಅಂಕ ಬಂದರೆ, 50 ದಾಟಿದ ಹೆಚ್ಚಿನವರಿಗೆ ಹಾರ್ಮೋನ್ ಚಿಕಿತ್ಸೆಯೇ ಸಾಕು ಎಂದಿತು. ಆದರೆ ಪರೀಕ್ಷೆ ಹೇಳುವುದೂ ಅಂದಾಜನ್ನೇ.

ಕಾಪುವಿನ ನನ್ನ ಚಿಕ್ಕಮ್ಮನ ರಿಪೋರ್ಟ್ ಮಣಿಪಾಲದಿಂದ ಬಂದಾಗ ಮಾತಾಡಿದವರು ಚಿಕ್ಕಪ್ಪ, ಮಗ, ಕಾರ್ಕಳದ ಭಾವ. “ಧೈರ್ಯಕ್ಕೆ ತಗೊಳ್ಳಲಿ” ಅಂದರು. ಯಾರ ಧೈರ್ಯಕ್ಕೆ ಮಾರಾಯ್ರೇ? ಕೆಲವು ಕೀಮೋ ಮದ್ದುಗಳಿಂದ ಬೆರಳು ಮರಗಟ್ಟುವುದುಂಟು. ಚಿಕ್ಕಮ್ಮ ಶಂಕರಪುರದ ಮಲ್ಲಿಗೆ ಕಟ್ಟಿ ಜೀವನ ಮಾಡುವವರು.

ಲೆಕ್ಕ ಹೇಳಬೇಕಾದವರು ಡಾಕ್ಟರರು. ಮೂವರಲ್ಲಿ ಒಬ್ಬಳಾಗುವ ಆಸೆಗೆ ಎಷ್ಟು ಬೆಲೆ ತೆರಬಹುದು ಎನ್ನುವುದನ್ನು ಮೈ ಯಾರದೋ ಅವರೇ ಹೇಳಬೇಕು. ರೋಗ ಮರಳಿತೋ ಇಲ್ಲವೋ ಎಂಬುದರಿಂದ ನಿರ್ಧಾರದ ಸರಿತಪ್ಪು ಅಳೆಯಲಾಗದು.

ಕೊನೆಗೆ ಕೇಳಿದಾಗ ಚಿಕ್ಕಮ್ಮ ಅಂದರು, “ಮೂರು ಸಣ್ಣದಲ್ಲ, ತಗೊಳ್ತೇನೆ.” ಬೇಡ ಅಂದಿದ್ದರೂ ಅಷ್ಟೇ ಸರಿಯಾಗುತ್ತಿತ್ತು.