ಯಾರ ನಷ್ಟ, ಯಾರ ಅರ್ಹತೆ?

ವಿದೇಶದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವವರು ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಬರೆಯಬೇಕು. ಈ ವಿಷಯವೇ ಏಕೆ, ನೀವೇ ಏಕೆ ಎಂಬುದಕ್ಕೆ ಅಲ್ಲಿ ಉತ್ತರ ಕೊಡಬೇಕು. ಗಡಿ ದಾಟುವ ನದಿಗಳ ಒಪ್ಪಂದಗಳನ್ನು ಓದಬೇಕೆಂದಿರುವ ನಾನು, ಮಂಡ್ಯದವನಾದ್ದರಿಂದ, ಕಾವೇರಿಯ ಬಗ್ಗೆ ಬರೆದೆ. ಮೈಸೂರು ಮತ್ತು ಮದ್ರಾಸಿನ ನಡುವಿನ 1892 ಹಾಗೂ 1924ರ ಒಪ್ಪಂದಗಳು. ಆಮೇಲೆ, ನಾಲೆಯ ಕೊನೆ ಭಾಗದಲ್ಲಿ ಒಣಗುವ ಭತ್ತ. ಆದರೆ ಒಣಗಿದ್ದು ನನ್ನ ಗದ್ದೆಯಲ್ಲ. ಇನ್ನೊಬ್ಬರ ನಷ್ಟ ನನ್ನ ಅರ್ಹತೆಯಾಗಬಹುದೇ?

ಆಗಲೇಬಾರದು ಎನ್ನಲಾರೆ. ಈ ಶಾಸ್ತ್ರ ಬೆಳೆದದ್ದೇ ನಷ್ಟದ ನೆನಪಿನಲ್ಲಿ. ಅಂತರರಾಷ್ಟ್ರೀಯ ರಾಜಕಾರಣದ ಮೊದಲ ಅಧ್ಯಯನ ಪೀಠ 1919ರಲ್ಲಿ ವೇಲ್ಸಿನ ಅಬೆರಿಸ್ಟ್‌ವಿತ್‌ನಲ್ಲಿ ಸ್ಥಾಪನೆಯಾದದ್ದು ಮೊದಲ ಮಹಾಯುದ್ಧದಲ್ಲಿ ಮಡಿದ ಅಲ್ಲಿನ ವಿದ್ಯಾರ್ಥಿಗಳ ಸ್ಮರಣೆಗೆ. ಪರರ ನೋವನ್ನು ಮುಟ್ಟದೆ ಯುದ್ಧವನ್ನಾಗಲಿ ನೀರನ್ನಾಗಲಿ ಓದಲಾಗದು. ಆದರೂ ಸ್ಮರಿಸುವುದು ಬೇರೆ, ಬಳಸಿಕೊಳ್ಳುವುದು ಬೇರೆ.

ಅದನ್ನು ಗುರುತಿಸಲು ನನಗೆ ಸಿಕ್ಕ ಅಳತೆ ಒಂದೇ: ಬರೆದದ್ದನ್ನು ಕನ್ನಡದಲ್ಲಿ ಆ ಗದ್ದೆಯವರ ಎದುರು ಗಟ್ಟಿಯಾಗಿ ಓದಬಲ್ಲೆನೇ? ತಮಿಳಿನಲ್ಲಿ, ತಂಜಾವೂರಿನ ರೈತರ ಎದುರು? ‘ನನ್ನ ಜನರ ದನಿಯಾಗುತ್ತೇನೆ’ ಎಂಬ ಮಾತು ಅಲ್ಲಿ ನಿಲ್ಲದು. ಅವರಿಗೆ ಅವರದೇ ದನಿಯಿದೆ. ‘ಮಳೆ ಕೈಕೊಟ್ಟ ವರ್ಷ ಇರುವಷ್ಟು ನೀರನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಕಲಿಯಬೇಕಿದೆ’ ಎಂಬ ಮಾತನ್ನು ಎರಡೂ ಕಡೆ ಓದಬಹುದು. ಸೀಟು ಸಿಗಲಿ ಬಿಡಲಿ, ಅರ್ಜಿಯಲ್ಲಿ ಉಳಿಯಬೇಕಾದದ್ದು ಅದೇ.