ಮಕ್ಕಳು ಕೇಳಲಿ ಎಂದೇ ನಿಲ್ಲಿಸಿದ ಕಲ್ಲು

ಸತ್ಯವೇದ ತಂದವರು ಯೆಹೋಶುವನ ಗ್ರಂಥ ನಾಲ್ಕನೇ ಅಧ್ಯಾಯ ತೆಗೀರಿ. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿದರು. ಹೊಳೆಯ ನಡುವಿನಿಂದ 12 ಕಲ್ಲು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಯಾಕೆ? ಮುಂದೆ ಮಕ್ಕಳು ನೋಡಿ ಕೇಳಬೇಕು, ತಂದೆಗಳು ಹೇಳಬೇಕು.

ಕಲ್ಲು ನಮ್ಮ ಗೋಗಿಯಲ್ಲೂ ಅವ. ಬಿಜಾಪುರದ ಆದಿಲಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾ ಮಣ್ಣಾಗಿದ್ದು ಇಲ್ಲೇ, ಐನೂರು ವರ್ಷ ಆಯ್ತು. ಆ ಗೋರಿ ಸುತ್ತ ಆಡಿ ಬೆಳೆದವರು ನಾವು. ಅದು ಯಾರದು ಅಂತ ನನಗ ಗೊತ್ತಾಗಿದ್ದು ಮೀಸೆ ಬಂದ ಮ್ಯಾಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಲ್ಲು ತಾನೇ ಮಾತಾಡೋದಿಲ್ಲ.

ಈಗ ನನ್ನ ಮನೆ ಮಾತು. ನಾಚಿಕೆ ವಿಷಯ, ಆದರೂ ಹೇಳ್ತೀನಿ. ಕ್ರಿಸ್ಮಸ್‌ಗೆ ಮಗ, ಸೊಸೆ ಬೆಂಗಳೂರಿನಿಂದ ಬಂದರು, ಜೊತೆಗೆ ಎರಡೂವರೆ ವರ್ಷದ ಮೊಮ್ಮಗ. ಕೂಸಲ್ಲ, ಬಿರುಗಾಳಿ! ಆಯಿ ಕರಿದಿಟ್ಟ ಕರ್ಚಿಕಾಯಿ ಒಂದೊಂದನ್ನೂ ಕಚ್ಚಿ ಮತ್ತ ಡಬ್ಬಿಯೊಳಗೇ ಇಟ್ಟಾನ. ನಗಬ್ಯಾಡ್ರಿ, ನಿಮಗೂ ಅವನ್ನೇ ಕೊಟ್ಟೀವಿ.

ನನಗೊಂದು ಆಸೆ ಇತ್ತು. ನಮ್ಮಪ್ಪ ಮಾಡ್ತಿದ್ದಂಗ ಬಿದಿರು ಸೀಳಿ, ಬಣ್ಣದ ಹಾಳೆ ಅಂಟಿಸಿ ಚುಕ್ಕಿ ಮಾಡಿ, ಮೊಮ್ಮಗನ ಕೈಲೆ ಬಾಗಿಲಿಗೆ ಕಟ್ಟಿಸಬೇಕು. ವಾಕ್ಯದಾಗ ಚುಕ್ಕಿ ಕಟ್ಟಂತ ಎಲ್ಲದ ಪಾಸ್ಟರ್ ಅಂತ ಕೇಳೋರು ಇದ್ದೀರಿ. ಇಲ್ಲ. ಕಟ್ಟದಿದ್ದರ ಪಾಪ ಇಲ್ಲ. ಎರಡು ದಿನ ಕುಂತು ಮಾಡಿದೆ. ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂದದ್ದೇ ಬಂತು. ನೀರು ಕುಡಿದು ಬರೋದ್ರೊಳಗ ಒಂದು ಮೂಲೆ ಪೂರಾ ಹರಿದು ಒಳಗ ಇಣುಕಿ ನೋಡ್ಲಿಕ್ಕತ್ತಾನ. ಹೊಡೆದೆ, ಪ್ರಿಯರೇ. ನಿಮ್ಮ ಮಕ್ಕಳ ತಲೆ ಮೇಲಿಟ್ಟು ಆಶೀರ್ವದಿಸೋ ಇದೇ ಕೈ.

ಕೂಸು ಆಯಿ ಸೆರಗಿನಾಗ ಮುಖ ಮುಚ್ಚಿಕೊಂಡಿತು. ನನ್ನ ಹತ್ತಿರ ಬರಲಿಲ್ಲ. ಆ ರಾತ್ರಿ ಪವಿತ್ರಾತ್ಮನು ನನ್ನನ್ನು ಇದೇ ಅಧ್ಯಾಯಕ್ಕೆ ಕರೆತಂದನು. ಕೇಳಲಿಕ್ಕೆ ಮಾತು ಸಾಲದೆ ಆ ಕೂಸು ಕೈಲೆ ಕೇಳಿತ್ತು, ಇದರೊಳಗ ಏನದ ಅಂತ. ನಾನು ಚುಕ್ಕಿ ಕಾಯಲು ಹೋಗಿ, ಕೇಳೋ ಕೂಸನ್ನೇ ಓಡಿಸಿದೆ. ಮಾರ್ಕ 10ರಲ್ಲಿ ಶಿಷ್ಯರು ಮಾಡಿದ್ದೂ ಅದೇ. ಕರ್ತನು ಕೋಪಗೊಂಡದ್ದು ಮಕ್ಕಳ ಮೇಲಲ್ಲ.

ಬೆಳಗ್ಗೆ ಅವನ ಮುಂದೆ ಕೂತು, "ತಪ್ಪಾತು, ಮುತ್ಯಾ ಹೊಡೀಬಾರದಿತ್ತು" ಅಂದೆ. ತೊಡೆ ಮೇಲೆ ಕೂಡಿಸಿಕೊಂಡು 1972ರ ಬರದ ಕಥೆ ಹೇಳಿದೆ. ಆ ವರ್ಷ ಮನೆಯಲ್ಲಿ ಜೋಳವೇ ಇಲ್ಲ, ಕರ್ಚಿಕಾಯಿ ದೂರದ ಮಾತು. ಬಣ್ಣದ ಹಾಳೆಗೆ ರೊಕ್ಕ ಇಲ್ಲ, ಕಂದೀಲಿಗೆ ಎಣ್ಣಿ ಇಲ್ಲ. ಅಪ್ಪ ಹಳೇ ಪೇಪರಿನ ಚುಕ್ಕಿ ಮಾಡಿ ದೀಪ ಇಲ್ಲದೇನೇ ಕಟ್ಟಿದರು. ಕತ್ತಲಾಗ ಕಾಣೋದಿಲ್ಲಲ್ಲ ಅಂತ ನಾನು ಅತ್ತೆ. "ಕಾಣದಿದ್ರೂ ಅದ ಅಲ್ಲಪ್ಪಾ" ಅಂದರು. ನನ್ನ ಸೇವೆ ಆ ಮಾತಿನ ಮೇಲೆ ನಿಂತದ. ಆದರೆ ನನ್ನ ಸ್ವಂತ ಮಗನಿಗೆ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ಮೊದಲ ಸಲ ಕೇಳಿಸಿಕೊಂಡ.

ಕೂಸಿಗೆ ಎಷ್ಟು ತಿಳೀತೋ! "ಮತ್ತ ಹೇಳು" ಅಂದ, ಅಂತಲೇ ಇನ್ನೊಂದು ಮೂಲೆಗೂ ಬೆರಳು ತೂರಿಸಿದ. ಮೂರೇ ಮೂಲೆಯ ಚುಕ್ಕಿ ಇನ್ನೂ ನಮ್ಮ ಬಾಗಿಲಲ್ಲದ, ಬಂದು ನೋಡ್ರಿ.

ಹಿಂದೆ ಚಾಪೆ ಮೇಲೆ ಗದ್ದಲ ಮಾಡೋ ಮಕ್ಕಳನ್ನು ಹೊರಗೆ ಕಳಿಸಬ್ಯಾಡ್ರಿ. ಎತ್ತಿಕೊಂಡು ಮುಂದೆ ಬರ್ರಿ. ಪ್ರಾರ್ಥಿಸೋಣ.