ಸುದ್ದಿಯ ಹೊಣೆ ಯಾರದು?



ನಿಮ್ಮ ಮನೆಗೆ ಬರುವ ಯಾವುದಾದರೂ ಪತ್ರಿಕೆಯನ್ನು ಕೈಗೆತ್ತಿಕೊಂಡು ಹುಡುಕಿ ನೋಡಿರಿ. ಎಲ್ಲೋ ಒಂದು ಪುಟದ ಬುಡದಲ್ಲಿ ಸಣ್ಣಕ್ಷರದ ಒಂದೆರಡು ಸಾಲುಗಳಿರುತ್ತವೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಯಾವ ಊರಿನ ಯಾವ ಮುದ್ರಣಾಲಯದಲ್ಲಿ ಅಚ್ಚಾಯಿತು, ಸಂಪಾದಕರ ಹೆಸರೇನು ಎಂಬ ವಿವರ ಅಲ್ಲಿರುತ್ತದೆ. ಅದನ್ನು ಓದುವವರು ತೀರಾ ವಿರಳ. ಅಚ್ಚಾದ ಪ್ರತಿಯೊಂದು ಹಾಳೆಯೂ ತನ್ನ ಮುದ್ರಕನ ಹೆಸರನ್ನು ಹೊತ್ತಿರಬೇಕೆಂದು 1867ರಲ್ಲಿ ಬ್ರಿಟಿಷ್ ಸರಕಾರ ಕಾಯಿದೆ ಮಾಡಿತು. ತನ್ನ ಅನುಕೂಲಕ್ಕಾಗಿಯೇ ಮಾಡಿತು ಎಂಬುದರಲ್ಲಿ ಸಂಶಯವಿಲ್ಲ. ಆ ಹಳೆಯ ಕಾಯಿದೆ ಹೋಗಿ 2024ರ ಮಾರ್ಚ್‌ನಲ್ಲಿ ಹೊಸತು ಜಾರಿಗೆ ಬಂದಿದೆ. ಆದರೆ ಆ ಸಾಲಿನ ಅರ್ಥ ಹಾಗೆಯೇ ಉಳಿದಿದೆ. ಇಲ್ಲಿ ಹೇಳಿರುವ ಮಾತಿಗೆ ಒಬ್ಬ ಹೊಣೆಗಾರನಿದ್ದಾನೆ, ಸುಳ್ಳಾದರೆ ಅವನನ್ನು ಕೇಳಬಹುದು ಎಂಬುದೇ ಆ ಅರ್ಥ.

ಮದ್ರಸದಲ್ಲಿ ಹದೀಸ್ ಓದಿದವರಿಗೆ ಇದು ಹೊಸ ವಿಚಾರವಲ್ಲ. ನಮ್ಮ ವಿದ್ವಾಂಸರು ಪ್ರವಾದಿವರ್ಯರ(ಸ) ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದನ್ನು ಕೇಳಿದರು. ಅಂದರೆ, ನಿನಗೆ ಇದನ್ನು ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಕೊಂಡಿಕೊಂಡಿಯಾಗಿ ಹಿಂದಕ್ಕೆ ಹೋಗುವುದು. ನಡುವೆ ಒಂದು ಕೊಂಡಿ ಕಳಚಿದ್ದರೆ, ಅಥವಾ ಒಬ್ಬ ವರದಿಗಾರನ ನೆನಪು ದುರ್ಬಲವೆಂದು ತಿಳಿದರೆ, ಮಾತು ಎಷ್ಟೇ ಸುಂದರವಾಗಿದ್ದರೂ ಅದನ್ನು ಬದಿಗಿಡುತ್ತಿದ್ದರು. ವರದಿಗಾರರ ಜೀವನಚರಿತ್ರೆಗಾಗಿಯೇ ಸಂಪುಟಗಟ್ಟಲೆ ಗ್ರಂಥಗಳು ಹುಟ್ಟಿದವು. ಸುದ್ದಿಯನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದ ಸಮುದಾಯ ನಮ್ಮದು. ಇಂದು ಆ ಸಮುದಾಯದ ಕೈಗೆ ಬಂದಿರುವ ಹೊಸ ಸಾಧನದ ಕುರಿತು ಸ್ವಲ್ಪ ಯೋಚಿಸೋಣ.

ಸಮೂಹ ಮಾಧ್ಯಮವೆಂದರೆ ಒಬ್ಬನ ಮಾತನ್ನು ಪರಸ್ಪರ ಪರಿಚಯವೇ ಇಲ್ಲದ ಸಾವಿರಾರು ಜನರಿಗೆ ತಲಪಿಸುವ ವ್ಯವಸ್ಥೆ. ಕನ್ನಡದಲ್ಲಿ ಇದರ ಆರಂಭ 1843ರ ಜುಲೈ 1ರಂದು. ಹರ್ಮನ್ ಮೊಗ್ಲಿಂಗ್ ಎಂಬ ಪಾದ್ರಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಅಂದು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ತೆರೆದರು. ಇಂದು ದೇಶಕ್ಕೆಲ್ಲ ಪರಿಚಿತವಾದ 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. 1959ರಲ್ಲಿ ದಿಲ್ಲಿಯಲ್ಲಿ ಟಿ.ವಿ. ಪ್ರಸಾರ ಶುರುವಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಅದಕ್ಕೆ ಬಣ್ಣ ಬಂತು.

ಇವೆಲ್ಲಕ್ಕೂ ಒಂದು ಸಮಾನ ಗುಣವಿತ್ತು. ಹೇಳುವವರು ಕೆಲವರು, ಕೇಳುವವರು ಬಹಳ ಮಂದಿ. ಘಟನೆಗೂ ನಿಮಗೂ ನಡುವೆ ಬಾತ್ಮೀದಾರ, ಉಪಸಂಪಾದಕ, ಮೊಳೆ ಜೋಡಿಸುವವ, ಕರಡು ತಿದ್ದುವವ ಎಂದು ನಾಲ್ಕಾರು ಜೊತೆ ಕೈಗಳಿದ್ದವು. ಆ ಕೈಗಳೆಲ್ಲ ಶುದ್ಧವಾಗಿದ್ದವು ಎಂದು ನಾನು ಹೇಳಲಾರೆ. 2020ರಲ್ಲಿ ದಿಲ್ಲಿಯ ತಬ್ಲೀಗ್ ಕೇಂದ್ರದ ನೆಪದಲ್ಲಿ ಸಂಪಾದಕರಿದ್ದ ಪತ್ರಿಕೆಗಳು, ಚಾನೆಲ್‌ಗಳು ಏನೆಲ್ಲ ಬರೆದವು, ಏನೆಲ್ಲ ತೋರಿಸಿದವು ಎಂಬುದನ್ನು ನೀವು ಮರೆತಿರಲಾರಿರಿ. ಅದು ಅಪಪ್ರಚಾರವಾಗಿತ್ತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವೇ ಅದೇ ವರ್ಷದ ಆಗಸ್ಟ್‌ನಲ್ಲಿ ಹೇಳಿತು. ಆದರೂ ನೋಡಿ, ಹಾಗೆ ಹೇಳಲು ಸಾಧ್ಯವಾದದ್ದು ಎದುರಿನಲ್ಲಿ ಹೆಸರಿದ್ದುದರಿಂದ. ಬರೆದವರು ಯಾರೆಂದು ಗೊತ್ತಿತ್ತು.

ಡಿಜಿಟಲ್ ತಂತ್ರಜ್ಞಾನ ಬದಲಿಸಿದ್ದು ಇದನ್ನೇ. ಅಕ್ಷರ, ಧ್ವನಿ, ಚಿತ್ರ ಎಲ್ಲವನ್ನೂ ಅದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲಾಗಿ ಪರಿವರ್ತಿಸುತ್ತದೆ. ಆದ್ದರಿಂದಲೇ ಪತ್ರಿಕೆ, ಬಾನುಲಿ, ಟಿ.ವಿ., ಅಂಚೆ, ಕ್ಯಾಮರಾ ಎಲ್ಲವೂ ಕಿಸೆಯಲ್ಲಿ ಹಿಡಿಸುವ ಒಂದೇ ಯಂತ್ರದೊಳಗೆ ಬಂದು ಕುಳಿತವು. ನಮ್ಮ ದೇಶದಲ್ಲಿ ಅಂತರ್ಜಾಲವು ಸಾಮಾನ್ಯರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ವಾಟ್ಸ್ಆ್ಯಪ್ ಹುಟ್ಟಿದ್ದು 2009ರಲ್ಲಿ. ಇಷ್ಟು ಅಲ್ಪಾವಧಿಯಲ್ಲಿ ಕೇಳುತ್ತಿದ್ದವರೆಲ್ಲ ಹೇಳುವವರಾದರು.

ಇನ್ನೊಂದು ಬದಲಾವಣೆ ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಹಿಂದೆ ಮತಪ್ರವಚನದ ಕ್ಯಾಸೆಟ್ಟೊಂದು ಗಲ್ಫಿನಿಂದ ಬಂದರೆ ಊರವರೆಲ್ಲ ಅದರ ಪ್ರತಿ ಮಾಡಿಸಿಕೊಳ್ಳುತ್ತಿದ್ದರು. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಸಾಗಿದಂತೆ ಗೊರಗೊರ ಸದ್ದು ಹೆಚ್ಚಾಗಿ ಮಾತು ಮಸುಕಾಗುತ್ತಿತ್ತು. ಆ ಸದ್ದೇ ಒಂದು ಬಗೆಯ ಸಾಕ್ಷಿಯಾಗಿತ್ತು. ಇದು ಮೂಲದಿಂದ ಬಹುದೂರ ಬಂದಿದೆ ಎಂದು ಕಿವಿಗೆ ತಾನಾಗಿ ತಿಳಿಯುತ್ತಿತ್ತು. ಅಂಕಿಗಳ ಪ್ರತಿಗೆ ಅಂತಹ ಸವೆತವಿಲ್ಲ. ಲಕ್ಷ ಕೈ ದಾಟಿದ ಹತ್ತು ವರ್ಷ ಹಳೆಯ ವಿಡಿಯೋ ಕೂಡಾ ಇಂದು ಮುಂಜಾನೆ ತೆಗೆದದ್ದೆಂಬಂತೆ ನಿಮ್ಮ ಮುಂದೆ ನಿಲ್ಲುತ್ತದೆ. ಅದಕ್ಕೆ ಊರಿಲ್ಲ, ತಾರೀಕಿಲ್ಲ, ತಂದೆತಾಯಿಗಳಿಲ್ಲ. ಈಗಂತೂ ನಡೆಯದ ಘಟನೆಯ ಚಿತ್ರವನ್ನೂ ಆಡದ ಮಾತಿನ ಧ್ವನಿಯನ್ನೂ ಯಂತ್ರವೇ ಸೃಷ್ಟಿಸಿ ಕೊಡುತ್ತದೆ.

ಇದರ ಬೆಲೆ ಏನೆಂದು 2018ರಲ್ಲಿ ನಮ್ಮ ರಾಜ್ಯವೇ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಬ್ಬುತ್ತಿದ್ದ ದಿನಗಳವು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಕೂಡಾ ಅದರೊಂದಿಗಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ತಯಾರಿಸಿದ ಕಿರುಚಿತ್ರ. ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಕಳ್ಳನೆಂದು ಬಗೆದು ಹೊಡೆದು ಕೊಂದರು. ಜುಲೈ 13ರ ಶುಕ್ರವಾರ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕಲೇಟು ಕೊಟ್ಟಿತು. ಸಂಶಯ ಎದ್ದಿತು. ಅವರು ಕಾರು ಹತ್ತಿ ಹೊರಟರು. ಆದರೆ ಕಾರಿಗಿಂತ ವೇಗವಾಗಿ ವಾಟ್ಸ್ಆ್ಯಪ್ ಸಂದೇಶ ಮುಂದಿನ ಊರಾದ ಮುರ್ಕಿಯನ್ನು ತಲಪಿತು. ಅಲ್ಲಿ ದಾರಿಗೆ ಅಡ್ಡ ಕಟ್ಟಿ ಜನ ಕಾದಿದ್ದರು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಒಬ್ಬ ಯುವ ಇಂಜಿನಿಯರ್ ಅಲ್ಲೇ ಪ್ರಾಣ ಬಿಟ್ಟರು.

ಅಲ್‌ಹುಜುರಾತ್ ಅಧ್ಯಾಯದ ಆರನೆಯ ಸೂಕ್ತವನ್ನು ಈ ಘಟನೆಯ ಪಕ್ಕದಲ್ಲಿಟ್ಟು ಓದಿರಿ. ದುಷ್ಟನೊಬ್ಬ ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂಬ ಆಜ್ಞೆ ಅದರಲ್ಲಿದೆ. ಇಲ್ಲವಾದರೆ ತಿಳಿಯದೆ ಒಂದು ಜನತೆಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತೆಂಬ ಎಚ್ಚರಿಕೆಯೂ ಇದೆ. ಅಲ್ಲಾಹನು ಇಲ್ಲಿ ಮಾತನಾಡುತ್ತಿರುವುದು ಸುದ್ದಿ ತಂದವನೊಂದಿಗಲ್ಲ, ಸುದ್ದಿ ಪಡೆದವರೊಂದಿಗೆ. ಹೊಣೆಯನ್ನು ಇಟ್ಟಿರುವುದು ಕೇಳುವವನ ಹೆಗಲ ಮೇಲೆ.

ಮುರ್ಕಿಯಲ್ಲಿ ನಾವು ಮರುಗಿದೆವು, ಸರಿ. ಆದರೆ 2012ರ ಬೇಸಿಗೆಯ ನಂತರದ ದಿನಗಳನ್ನೂ ನೆನಪಿಸಿಕೊಳ್ಳಬೇಕು. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಸಹೋದರರ ಮೇಲೆ ಹಿಂಸೆ ನಡೆದಿತ್ತು, ಅದು ಸತ್ಯ. ಆ ಸತ್ಯದ ಜೊತೆಗೆ ಹೆಣಗಳ ರಾಶಿಯ ನಡುವೆ ಬೌದ್ಧ ಭಿಕ್ಷುಗಳು ನಿಂತಿರುವ ಒಂದು ಚಿತ್ರವೂ ಮುಸ್ಲಿಮರ ಮೊಬೈಲುಗಳಲ್ಲಿ ಸುತ್ತಾಡಿತು. ಅದು 2010ರ ಟಿಬೆಟ್ ಪ್ರದೇಶದ ಭೂಕಂಪದ್ದು. ಆ ಭಿಕ್ಷುಗಳು ಸತ್ತವರ ಅಂತ್ಯಸಂಸ್ಕಾರಕ್ಕೆ ಬಂದವರು! ಕೊಂದವರೆಂಬ ಆರೋಪವನ್ನು ನಾವು ಹೊರಿಸಿದ್ದು ಸತ್ತವರಿಗಾಗಿ ದುಡಿಯುತ್ತಿದ್ದವರ ಮೇಲೆ. ಅದೇ ಆಗಸ್ಟ್‌ನಲ್ಲಿ, ಈದ್ ಮುಗಿದೊಡನೆ ಈಶಾನ್ಯದವರ ಮೇಲೆ ದಾಳಿಯಾಗುತ್ತದೆಂಬ ಸಂದೇಶಗಳು ಬೆಂಗಳೂರಿನಲ್ಲಿ ಹರಿದಾಡಿದವು. ಹೋಟೆಲುಗಳಲ್ಲಿ, ಕಾವಲು ಕೆಲಸಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಹದಿನೈದು ದಿನ ನಿರ್ಬಂಧ ಹೇರಬೇಕಾಯಿತು.

ನಾವು ಬರೆದದ್ದಲ್ಲ, ಬಂದದ್ದನ್ನು ಕಳಿಸಿದ್ದಷ್ಟೇ ಎಂಬ ಸಮಾಧಾನ ಇಂತಹ ಸಂದರ್ಭಗಳಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಮದೀನಾದಲ್ಲಿ ಮಾತೆ ಆಯಿಶಾರ(ರ) ಮೇಲೆ ಅಪವಾದ ಹುಟ್ಟಿದಾಗ ಅದನ್ನು ಕಟ್ಟಿದವರು ಕಪಟವಿಶ್ವಾಸಿಗಳು. ಆದರೆ ಅದನ್ನು ಮನೆಮನೆಗೆ ಒಯ್ದವರಲ್ಲಿ ಸತ್ಯವಿಶ್ವಾಸಿಗಳೂ ಇದ್ದರು. ಬದ್ರ್ ಯುದ್ಧದಲ್ಲಿ ಪಾಲ್ಗೊಂಡಿದ್ದ ಮಿಸ್ತಹ್‌ರೂ(ರ) ಇದ್ದರು. ಅವರೂ ಕೇಳಿದ್ದನ್ನಷ್ಟೇ ಹೇಳಿದವರು. ಸುಮಾರು ಒಂದು ತಿಂಗಳ ಕಾಲ ಆ ಮನೆ ಅನುಭವಿಸಿದ ಯಾತನೆಗೆ ಅದರಿಂದ ಕಡಿಮೆಯಾಯಿತೇ? ಅನ್ನೂರ್ ಅಧ್ಯಾಯದಲ್ಲಿ ಅಲ್ಲಾಹನು ಅವರನ್ನು ತರಾಟೆಗೆ ತೆಗೆದುಕೊಳ್ಳುವಾಗ ಬಳಸಿದ ಒಂದು ಪದಪ್ರಯೋಗ ವಿಸ್ಮಯಕರವಾಗಿದೆ. ಸುದ್ದಿಯನ್ನು ಅವರು ನಾಲಿಗೆಗಳಿಂದ ಸ್ವೀಕರಿಸಿದರಂತೆ. ಸುದ್ದಿಯನ್ನು ಸ್ವೀಕರಿಸಬೇಕಾದದ್ದು ಕಿವಿ. ತೂಗಿ ನೋಡಬೇಕಾದದ್ದು ಹೃದಯ. ಅವೆರಡನ್ನೂ ಮುಟ್ಟದೆ ಮಾತು ಒಂದು ನಾಲಿಗೆಯಿಂದ ನೇರವಾಗಿ ಇನ್ನೊಂದು ನಾಲಿಗೆಗೆ ಹಾರಿತು. ಅರ್ಧವೂ ಓದದ ಸಂದೇಶವನ್ನು ಹೆಬ್ಬೆರಳಿನಿಂದ ಮುಂದೆ ತಳ್ಳುವ ನಮ್ಮ ಅಭ್ಯಾಸವನ್ನು ಇದಕ್ಕಿಂತ ಕರಾರುವಾಕ್ಕಾಗಿ ವರ್ಣಿಸಲು ಸಾಧ್ಯವೇ? ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂಬ ಆಶಯದ ಪ್ರವಾದಿವಚನವನ್ನು ಇಮಾಮ್ ಮುಸ್ಲಿಮ್ ತಮ್ಮ ಗ್ರಂಥದ ಪೀಠಿಕೆಯಲ್ಲೇ ಇಟ್ಟಿರುವುದು ಸುಮ್ಮನೆ ಅಲ್ಲ.

ಧರ್ಮದ ಹೆಸರಿನ ಸಂದೇಶಗಳಿಗೂ ರಿಯಾಯಿತಿ ಇಲ್ಲ. ಮದೀನಾದ ಶೇಖ್ ಅಹ್ಮದ್ ಎಂಬವರು ಕಂಡ ಕನಸಿನ ಕರಪತ್ರ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಇಷ್ಟು ಪ್ರತಿ ಮಾಡಿ ಹಂಚಿದರೆ ಸಂಪತ್ತು, ಹಂಚದಿದ್ದರೆ ನಷ್ಟ ಎಂದು ಬೆದರಿಸುತ್ತಿತ್ತದು. ನೂರು ವರ್ಷಗಳಿಗೂ ಹಿಂದಿನಿಂದ ಅದು ಮುಸ್ಲಿಮ್ ಜಗತ್ತಿನಲ್ಲಿ ಓಡಾಡುತ್ತಿದೆ. ವಿದ್ವಾಂಸರು ಅದನ್ನು ಎಷ್ಟೋ ಸಲ ತಿರಸ್ಕರಿಸಿದ್ದಾರೆ. ಹಿಂದೆ ಕೈಬರಹದಲ್ಲಿ, ಆಮೇಲೆ ಝೆರಾಕ್ಸ್ ಹಾಳೆಯಲ್ಲಿ ಬರುತ್ತಿದ್ದ ಆ ಬೆದರಿಕೆ ಈಗ ಸುಂದರವಾದ ಹಸಿರು ಚೌಕಟ್ಟಿನೊಳಗೆ, ಗ್ರಂಥದ ಹೆಸರಿಲ್ಲದ 'ಹದೀಸ್' ಆಗಿ ಮೊಬೈಲಿಗೆ ಬರುತ್ತದೆ. ಪುಣ್ಯದ ಆಸೆಯಿಂದ ನಮ್ಮ ತಾಯಂದಿರು ಅದನ್ನು ಹತ್ತು ಜನರಿಗೆ ಕಳಿಸುತ್ತಾರೆ. ಪ್ರವಾದಿವರ್ಯರು(ಸ) ಹೇಳದ್ದನ್ನು ಅವರ ಹೆಸರಿಗೆ ಕಟ್ಟುವುದು ಎಂತಹ ಪಾಪವೆಂದು ಮನೆಯಲ್ಲಿ ಮೃದುವಾಗಿ ತಿಳಿಹೇಳುವ ಕೆಲಸ ಮಕ್ಕಳದ್ದು.

ಹಾಗೆಂದು ಈ ಯಂತ್ರವನ್ನು ಶೈತಾನನ ಆಯುಧವೆಂದು ದೂಷಿಸಿ ಕೈತೊಳೆದುಕೊಳ್ಳಲಾಗದು. ದಮ್ಮಾಮ್‌ನಲ್ಲಿ ದುಡಿಯುವ ತಂದೆ ತನ್ನ ಮಗಳು ಕುರ್‌ಆನ್ ಓದುವುದನ್ನು ಪ್ರತಿ ರಾತ್ರಿ ನೋಡುತ್ತಿದ್ದಾನೆ. ವಾಟ್ಸ್ಆ್ಯಪ್ ಕಂಪೆನಿ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐವರಿಗೆ ಅಥವಾ ಐದು ಗುಂಪುಗಳಿಗೆ ಮಾತ್ರ ಎಂದು ಮಿತಿ ಹಾಕಿತು. 2020ರಲ್ಲಿ ಬಹಳ ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಅಂತಹ ಸಂದೇಶದ ನೆತ್ತಿಯ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಹದೀಸ್ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇದರ ಸನದು ಕಳೆದುಹೋಗಿದೆ ಎಂಬುದಕ್ಕೆ ಅದೇ ಗುರುತು. ಅದನ್ನು ಗುರುತಿಸಲು ನಿಮ್ಮ ಮಕ್ಕಳಿಗೆ ಕಲಿಸಿರಿ.

ಸುದ್ದಿಯನ್ನು ಪರೀಕ್ಷಿಸುವುದು ನಮಗೆ ತಿಳಿಯದ ವಿದ್ಯೆಯೇನಲ್ಲ. ರಮಝಾನಿನ ಇಪ್ಪತ್ತೊಂಬತ್ತರ ಸಂಜೆ ಚಂದ್ರದರ್ಶನದ ಎಷ್ಟೋ ಚಿತ್ರಗಳು ಮೊಬೈಲಿಗೆ ಬರುತ್ತವೆ. ಅವನ್ನು ನೋಡಿ ಯಾವ ಖಾಝಿಯೂ ಈದ್ ಘೋಷಿಸುವುದಿಲ್ಲ. ಕಂಡವರು ಯಾರು, ಎಲ್ಲಿ ಕಂಡರು, ನಂಬಿಕಸ್ಥರೇ ಎಂದು ವಿಚಾರಿಸುತ್ತಾರೆ. ನಾವೂ ತಾಳ್ಮೆಯಿಂದ ಕಾಯುತ್ತೇವೆ. ಆದರೆ ನೆರೆಮನೆಯ ಹೆಣ್ಣುಮಗಳ ಮಾನದ ವಿಷಯದಲ್ಲಿ, ಅನ್ಯಧರ್ಮದ ಸಹೋದರನೊಬ್ಬನ ಮೇಲಿನ ಆರೋಪದ ವಿಷಯದಲ್ಲಿ ಐದು ನಿಮಿಷ ಕಾಯುವ ಸಹನೆ ನಮಗಿರುವುದಿಲ್ಲ.

ಕಳಿಸಿದವರು ನಮ್ಮ ಸೋದರಮಾವ, ಐದು ಹೊತ್ತಿನ ನಮಾಝ್ ತಪ್ಪದವರು, ಸುಳ್ಳು ಹೇಳುವವರಲ್ಲ ಎಂದು ನೀವು ಹೇಳಬಹುದು. ಹ. ಉಮರ್‌ರ(ರ) ನೆರೆಯವರೂ ಸುಳ್ಳು ಹೇಳುವವರಾಗಿರಲಿಲ್ಲ. ಮದೀನಾದ ಹೊರವಲಯದಲ್ಲಿ ವಾಸವಾಗಿದ್ದ ಇಬ್ಬರೂ ಸರದಿಯಂತೆ ಪ್ರವಾದಿವರ್ಯರ(ಸ) ಸನ್ನಿಧಿಗೆ ಹೋಗಿ, ಅಂದಿನ ಸುದ್ದಿಯನ್ನು ಮನೆಯಲ್ಲಿ ಉಳಿದವರಿಗೆ ತಂದು ಹೇಳುತ್ತಿದ್ದರು. ಒಂದು ರಾತ್ರಿ ಆ ಅನ್ಸಾರಿ ಗೆಳೆಯರು ಬಂದು ಬಾಗಿಲನ್ನು ಜೋರಾಗಿ ಬಡಿದರು. ಗಸ್ಸಾನಿನವರು ದಂಡೆತ್ತಿ ಬಂದರೇ ಎಂದು ಉಮರ್(ರ) ಗಾಬರಿಯಾದರು. ಅದಕ್ಕಿಂತಲೂ ದೊಡ್ಡ ಸುದ್ದಿ, ಪ್ರವಾದಿವರ್ಯರು(ಸ) ಪತ್ನಿಯರಿಗೆ ವಿಚ್ಛೇದನ ನೀಡಿದ್ದಾರೆ ಎಂದರು ಗೆಳೆಯರು. ಉಮರ್‌ರ(ರ) ಮಗಳು ಹಫ್ಸಾರೂ(ರ) ಆ ಪತ್ನಿಯರಲ್ಲಿ ಒಬ್ಬರು. ಬೆಳಗಾಗುತ್ತಲೇ ಅವರು ಹೊರಟರು. ಮಗಳು ಅಳುತ್ತಿದ್ದರು, ನಿಜ ಏನೆಂದು ಆಕೆಗೂ ಗೊತ್ತಿರಲಿಲ್ಲ. ಮಸೀದಿಯಲ್ಲಿ ಜನ ಕುಳಿತು ಹರಳುಗಳಿಂದ ನೆಲ ಕುಟ್ಟುತ್ತಾ ಅದೇ ಮಾತನ್ನಾಡುತ್ತಿದ್ದರು. ಊರಿಗೆ ಊರೇ ಹೇಳುತ್ತಿದ್ದ ಆ ಮಾತನ್ನು ಉಮರ್(ರ) ಒಪ್ಪಿಕೊಳ್ಳಲಿಲ್ಲ. ಪ್ರವಾದಿವರ್ಯರು(ಸ) ತಂಗಿದ್ದ ಮೇಲ್ಮಹಡಿಯ ಕೋಣೆಯ ಬಳಿಗೆ ಹೋಗಿ ಅನುಮತಿ ಕೇಳಿದರು. ಸಿಗಲಿಲ್ಲ. ಮತ್ತೆ ಕೇಳಿದರು. ಮೂರನೆಯ ಬಾರಿಗೆ ಅನುಮತಿ ಸಿಕ್ಕಿತು. ಒಳಗೆ ಹೋಗಿ ನೇರವಾಗಿ ಕೇಳಿದರು. ಇಲ್ಲ ಎಂಬ ಉತ್ತರ ಬಂತು. ಇದನ್ನು ಜನರಿಗೆ ತಿಳಿಸಲೇ ಎಂದು ಕೇಳಿ ಒಪ್ಪಿಗೆ ಪಡೆದ ಉಮರ್(ರ) ಕೆಳಗಿಳಿದು ಬಂದರು. ಬಳಿಕ, ಹರಳು ಕುಟ್ಟುತ್ತಾ ಕುಳಿತಿದ್ದ ಅದೇ ಜನರಿಗೆ ಕೇಳಿಸುವಂತೆ ಮಸೀದಿಯ ಬಾಗಿಲಲ್ಲಿ ನಿಂತು, ಆ ಸುದ್ದಿ ನಿಜವಲ್ಲವೆಂದು ತಮ್ಮ ಗಟ್ಟಿ ಸ್ವರದಲ್ಲಿ ಕೂಗಿ ಹೇಳಿದರು.